ಮೂವತ್ತೈದು ಕಿಲೋ ಒತ್ತಡ

ಮಾರ್ಚ್ ೩, ೨೦೦೩, ಸೋಮವಾರ

ಎನಿಡ್ ತೀರಿಕೊಂಡಾಗ ಡಾಕ್ಟರು ಈ ನೋಟುಬುಕ್ಕು ಕೊಟ್ಟು, ಮನಸ್ಸಿಗೆ ಬಂದದ್ದು ಬರೆಯಿರಿ, ಹಗುರವಾಗುತ್ತದೆ ಎಂದಿದ್ದರು. ಆರು ವರ್ಷ ಡ್ರಾಯರಿನಲ್ಲಿ ಬಿದ್ದಿತ್ತು. ಹೆಂಡತಿ ಸತ್ತಾಗ ಒಂದು ಸಾಲೂ ಹೊಳೆಯಲಿಲ್ಲ. ಈಗ ಪುರಸಭೆಯ ದಯೆಯಿಂದ ಹೊಳೆಯುತ್ತಿದೆ.

ಬೆಳಿಗ್ಗೆ ಟೌನ್ ಹಾಲಿನಿಂದ ಮಿಸ್ ತ್ರೆಲ್‌ಫಾಲ್ ಬಂದಿದ್ದಳು. ಬ್ರೆಕೆನ್‌ಶಾ ಪುರಸಭೆಯ ಪಾರ್ಕು, ಶೌಚಾಲಯ, ಸ್ಮಶಾನ ಮೂರಕ್ಕೂ ಆಕೆಯೇ ಮುಖ್ಯಸ್ಥೆ. ಈ ಸ್ಮಶಾನದ ಮೇಲ್ವಿಚಾರಕನಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ, ಆಕೆಯನ್ನು ಇಲ್ಲಿ ನೋಡಿದ್ದು ಇದೇ ಮೊದಲು. ಎತ್ತರದ ಹಿಮ್ಮಡಿ ಒದ್ದೆ ಹುಲ್ಲಿನಲ್ಲಿ ಹೂತುಹೋಗಿ ನಮ್ಮ ಬೇಸಿಲ್ ಕೈ ಹಿಡಿದು ಎಳೆಯಬೇಕಾಯಿತು. ಪಕ್ಕದ ಊರಿನಲ್ಲಿ ಹಳೆಯ ಗೋರಿಕಲ್ಲೊಂದು ಉರುಳಿ ಒಂದು ಹುಡುಗಿಯ ಕಾಲು ಮುರಿದಿದೆ. ಅದಕ್ಕೆ ನಮ್ಮ ಪುರಸಭೆ ಅವಿರೋಧವಾಗಿ ನಿರ್ಣಯ ಮಾಡಿದೆ: ಲೇನ್ ಹೆಡ್ ಸ್ಮಶಾನದ ಸಾವಿರದ ನಾನ್ನೂರು ಕಲ್ಲುಗಳನ್ನೂ ತಳ್ಳಿ ನೋಡಬೇಕು. ಮಾರ್ಚ್ ಮೂವತ್ತೊಂದರೊಳಗೆ ಮುಗಿಯಬೇಕು, ಆಮೇಲೆ ಹಣದ ಮಂಜೂರಾತಿ ಸತ್ತುಹೋಗುತ್ತದೆ.

"ಮೂವತ್ತೈದು ಕಿಲೋ ಒತ್ತಡ ಹಾಕ್ಬೇಕು ಮಿಸ್ಟರ್ ಕ್ಯಾಟರಾಲ್. ಅಲುಗಾಡಿದ್ರೆ ಮಲಗಿಸ್ಬಿಡಿ, ಹಳದಿ ಚೀಟಿ ಅಂಟಿಸಿ. ಅಷ್ಟೇ ಕೆಲ್ಸ."

"ಮನೆಯವ್ರಿಗೆ ತಿಳಿಸೋದು ಬೇಡ್ವಾ ಮೇಡಂ?"

"ನೋಟಿಸ್ ಹಾಕ್ತೀವಲ್ಲ. ಟೌನ್ ಹಾಲಲ್ಲೊಂದು, ಇಲ್ಲಿ ಮೇನ್ ಗೇಟಲ್ಲೊಂದು."

ಮೇನ್ ಗೇಟಿಗೆ ಬೀಗ ಬಿದ್ದು ಹನ್ನೊಂದು ವರ್ಷವಾಯಿತು. ಊರೆಲ್ಲ ಹಿಂದಿನ ಗೇಟಿನಿಂದ ಓಡಾಡುತ್ತದೆ. ಅದನ್ನು ಹೇಳಿದೆ. ನಿರ್ಣಯದಲ್ಲಿ ಮೇನ್ ಗೇಟು ಎಂದೇ ಇದೆಯಂತೆ, ಬದಲಾಯಿಸಬೇಕಾದರೆ ಮತ್ತೊಮ್ಮೆ ಸಭೆ ಸೇರಬೇಕಂತೆ.

"ಮೂವತ್ತನೇ ತಾರೀಖು ತಾಯಂದಿರ ಭಾನುವಾರ ಮೇಡಂ. ಊರಿಗೂರೇ ಹೂ ಹಿಡ್ಕೊಂಡು ಬರುತ್ತೆ."

"ಒಳ್ಳೇದೇ ಆಯ್ತಲ್ಲ. ಅಷ್ಟೊತ್ತಿಗೆ ಎಲ್ಲಾ ಸುರಕ್ಷಿತವಾಗಿರುತ್ತೆ."

ಒತ್ತಡ ಅಳೆಯುವ ಯಂತ್ರವನ್ನು ಕೈಗಿಟ್ಟು ಹೋದಳು. ಎರಡು ಹಿಡಿ, ನಡುವೆ ಗಡಿಯಾರದಂಥ ಬಿಲ್ಲೆ, ಅದರಲ್ಲೊಂದು ಮುಳ್ಳು. ಬೇಸಿಲ್ ಟ್ಯಾಟರ್ಸಾಲ್ ಮೂವತ್ತು ವರ್ಷದಿಂದ ಇಲ್ಲಿ ಗುಂಡಿ ತೋಡುವವನು, ನನಗಿರುವ ಒಬ್ಬನೇ ಗೆಳೆಯ. ಅವನು ಯಂತ್ರವನ್ನು ಶೆಡ್ಡಿನ ಮೊಳೆಗೆ ತೂಗುಹಾಕಿ, "ಇದಕ್ಕೂ ತ್ರೆಲ್‌ಫಾಲ್ ಅಂತ್ಲೇ ಹೆಸ್ರಿಡೋಣ ಕಣೋ. ಒತ್ತೋದು ಇದು, ಒದೆ ತಿನ್ನೋದು ನಾವು," ಎಂದ.

ಒಂಬತ್ತನೇ ಸಾಲಿನ ಮೊಲ ಮರಿ ಹಾಕಿದೆ. ಹೂವು ತಿನ್ನುತ್ತದೆಂದು ಜನ ದೂರುತ್ತಾರೆ. ತಿನ್ನಲಿ.

ಮಾರ್ಚ್ ೬, ಗುರುವಾರ

ಇವತ್ತು ನಲವತ್ಮೂರು ಕಲ್ಲು ನೋಡಿದೆವು. ಆರು ಅಲುಗಿದವು. ಆಗ್ನೆಸ್ ಹಾಲ್ರಾಯ್ಡ್, ೧೯೧೧. ತಂದೆ ಮಗ ಇಬ್ಬರು ಕ್ರಾಂಕ್‌ಶಾಗಳು, ಒಂದೇ ವಾರ ಜ್ವರದಲ್ಲಿ ಹೋದವರು. ಗಿರಣಿಯ ಬೆಂಕಿಯಲ್ಲಿ ಸತ್ತ ಮೂವರು ಅಕ್ಕತಂಗಿಯರು. ಒಬ್ಬೊಬ್ಬರ ಹೆಸರೂ ಓದಿ, ಟೋಪಿ ತೆಗೆದು, ಕ್ಷಮಿಸಿ ಎಂದು ಹೇಳಿ ಮಲಗಿಸಿದೆ. ಮುಖ ಮೇಲಕ್ಕೆ ಬರುವಂತೆ, ಕೆಳಗೆ ಹಲಗೆ ಕೊಟ್ಟು. ಬೇಸಿಲ್‌ಗೆ ನಗು. "ಅವ್ರು ಉತ್ರ ಕೊಟ್ರೆ ನನ್ನೂ ಕರಿ," ಎನ್ನುತ್ತಾನೆ.

ಎನಿಡ್ ಇರುವುದು ಇಪ್ಪತ್ತೊಂದನೇ ಸಾಲಿನಲ್ಲಿ. ಅವಳ ಬೆನ್ನಿಗೆ ಬೆನ್ನು ಕೊಟ್ಟಂತೆ ಇಪ್ಪತ್ತೆರಡನೇ ಸಾಲಿನಲ್ಲಿ ಮಾಂಸದಂಗಡಿಯ ರಾಯ್ ಹೇಡಾಕನ ಮಗಳು ರೋಸಲಿಂಡಳ ಕಲ್ಲು. ಎಂಟು ವರ್ಷದ ಮಗು. ಎರಡು ಕಲ್ಲುಗಳ ನಡುವೆ ಒಬ್ಬ ನಿಲ್ಲುವಷ್ಟೇ ಜಾಗ. ಎನಿಡಳ ಕಲ್ಲನ್ನು ನಾನೇ ನೆಟ್ಟದ್ದು. ಬುಡದಲ್ಲಿ ಕಬ್ಬಿಣದ ಸರಳು ಹಾಕಬೇಕೆಂಬ ನಿಯಮ ಆಗ ಇರಲಿಲ್ಲ. ಅಥವಾ ಇತ್ತು, ನಾನು ಹಾಕಲಿಲ್ಲ. ಅದನ್ನು ತಳ್ಳಿ ನೋಡುವ ಅಗತ್ಯ ಕಾಣಲಿಲ್ಲ. ಅವಳ ಸಾಲಿನ ಸರದಿ ಬರುವ ಮೊದಲೇ ಪುರಸಭೆಯ ನಮೂನೆಯಲ್ಲಿ ಅಳತೆಯ ಜಾಗ ಖಾಲಿ ಬಿಟ್ಟು ಸಹಿ ಹಾಕಿದೆ. ಬೇಸಿಲ್ ನೋಡಿ, ಯಂತ್ರ ಎತ್ತಿಕೊಂಡು ಮುಂದಿನ ಕಲ್ಲಿಗೆ ಹೋದ.

ಮಾರ್ಚ್ ೧೪, ಶುಕ್ರವಾರ

ಎಂಬತ್ತು ದಾಟಿದ ಮಿಸೆಸ್ ಆರ್ಮರಾಡ್ ಗಂಡನ ಕಲ್ಲು ಮಲಗಿದ್ದನ್ನು ನೋಡಿ ಸೀದಾ ನನ್ನತ್ತ ಬಂದಳು. ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ. ಕೊಡೆಯ ಹಿಡಿಯಿಂದ ಬಾಯಿಗೇ ಬಾರಿಸಿದಳು. ಕೆಳತುಟಿ ಸೀಳಿತು.

"ಒಂದ್ ಮಾತು ಹೇಳಿ ಮಾಡ್ಬಾರ್ದಿತ್ತೇನೋ? ನಿಮ್ಮಪ್ಪಂದು ಹಿಂಗೇ ಬೀಳಿಸ್ತೀಯಾ?"

"ನೋಟಿಸ್ ಹಾಕಿದಾರೆ ಅಮ್ಮಾ."

"ಎಲ್ಲಿ?"

ಎಲ್ಲಿ ಎಂದು ಹೇಳಲು ನನಗೇ ನಾಚಿಕೆಯಾಯಿತು. ಇನ್ನೊಂದು ಏಟು ಕೊಟ್ಟು, ಕುಳಿತು ಅತ್ತಳು. ಬೇಸಿಲ್ ಟೀ ತಂದುಕೊಟ್ಟ. ನಾನು ಟೌನ್ ಹಾಲಿಗೆ ಫೋನು ಮಾಡಿದೆ. ಹಲ್ಲೆಯಾದರೆ ತುಂಬಬೇಕಾದ ನಮೂನೆ ಬೇರೆ ಇದೆಯಂತೆ, ಅಂಚೆಯಲ್ಲಿ ಕಳಿಸುತ್ತಾರಂತೆ.

ಸಂಜೆಯ ಪತ್ರಿಕೆಯಲ್ಲಿ ನಮ್ಮ ವಾರ್ಡಿನ ಸದಸ್ಯೆ ಡೋರೀನ್ ಎಂಟ್ವಿಸಲ್ ಫೋಟೋ ಬಂದಿದೆ. ಬಿದ್ದ ಕಲ್ಲಿನ ಪಕ್ಕ ಮಂಡಿಯೂರಿ, ಎದೆಯ ಮೇಲೆ ಕೈಯಿಟ್ಟುಕೊಂಡು. 'ಕೆಲಸಗಾರರ ಒರಟುತನ ಕಂಡು ನನಗೆ ಆಘಾತವಾಗಿದೆ.' ನಿರ್ಣಯ ಮಂಡಿಸಿದವಳೇ ಈ ಮಹಾತಾಯಿ.

ಮಾರ್ಚ್ ೧೯, ಬುಧವಾರ

ಸ್ಮಶಾನದ ವ್ಯಾನಿನ ಗಾಜು ಪುಡಿ, ನಾಲ್ಕು ಚಕ್ರಕ್ಕೂ ಚಾಕು. ಸಂಜೆ ನನ್ನ ಮನೆಯ ಕಿಟಕಿಯಿಂದ ಇಟ್ಟಿಗೆಯೊಂದು ಬಂದು ಎನಿಡಳ ತಟ್ಟೆಗಳ ಕಪಾಟಿಗೆ ಬಿತ್ತು. ಹನ್ನೆರಡರಲ್ಲಿ ಮೂರು ತಟ್ಟೆ ಉಳಿದಿವೆ.

ನೂರಾ ಹತ್ತು ಕಲ್ಲು. ಇಪ್ಪತ್ತೊಂಬತ್ತು ಬಿದ್ದವು. ಹಲಗೆ ಮುಗಿದಿದೆ. ಹಲಗೆ ಇಲ್ಲದಿದ್ದರೂ ನಡೆಯುತ್ತದೆ.

ಮಾರ್ಚ್ ೨೨, ಶನಿವಾರ

ಹಿಂದಿನ ಗೇಟಿನಲ್ಲಿ ಇಬ್ಬರು ಹಿಡಿದುಕೊಂಡರು. ಒಬ್ಬನ ಮುಖ ಪರಿಚಯ, ಬಸ್ ಡ್ರೈವರು. ಒಬ್ಬ ಎದೆಯ ಮೇಲೆ ಕೂತ, ಇನ್ನೊಬ್ಬ ಹೊಸ ಗುಂಡಿಯ ಮಣ್ಣನ್ನು ಹಿಡಿ ಹಿಡಿಯಾಗಿ ನನ್ನ ಬಾಯಿಗೆ ತುರುಕಿದ. "ತಿನ್ನೋ, ನಮ್ಮವ್ವ ತಿಂತಿರೋದು ಇದೇ ಮಣ್ಣು," ಎಂದ. ಮೂಗು ಹಿಡಿದರೆ ನುಂಗಲೇಬೇಕು. ನುಂಗಿದೆ. ಬೇಸಿಲ್ ಕವೆಗೋಲು ಹಿಡಿದು ಓಡಿ ಬಂದದ್ದರಿಂದ ಉಸಿರು ಉಳಿಯಿತು. ಹಲ್ಲಿನ ಸಂದಿಯಲ್ಲಿ ಇನ್ನೂ ಮರಳು ಕರಕರ ಎನ್ನುತ್ತಿದೆ.

ಪೊಲೀಸಿಗೆ ಹೋಗೋಣ ಎಂದ. ಬೇಡ ಎಂದೆ. ಕೆಲಸ ಬಾಕಿ ಇದೆ. ಮಧ್ಯಾಹ್ನ ಎಂಬತ್ತೆಂಟು ಮುಗಿಸಿದೆ, ಮೂವತ್ತಾರು ಬಿದ್ದವು. ಮಲಗಿಸುವುದಕ್ಕೆ ಇಬ್ಬರು ಬೇಕು, ಸಮಯ ಹಿಡಿಯುತ್ತದೆ. ಬೂಟಿನಿಂದ ಒಂದು ಕೊಟ್ಟರೆ ಸಾಕು, ಅದೇ ಬೀಳುತ್ತದೆ.

ಆ ಮೊಲ ಹೂವು ತಿನ್ನುತ್ತ ಕೂತಿತ್ತು. ಸಲಿಕೆಯಿಂದ ಹೊಡೆದು ಬೇಲಿಯಾಚೆ ಎಸೆದೆ. ಒಂದು ಪೀಡೆ ಕಳೆಯಿತು.

ಮಾರ್ಚ್ ೨೬, ಬುಧವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಊಟಕ್ಕೆ ಮುಂಚೆ ರಾಯ್ ಹೇಡಾಕನ ಅಂಗಡಿಗೆ ಹೋದೆ. ಇಪ್ಪತ್ತು ವರ್ಷದಿಂದ ಬುಧವಾರದ ಸಾಸೇಜು ಅವನಲ್ಲೇ. ಆರೇಳು ಹೆಂಗಸರು ಸಾಲಿನಲ್ಲಿದ್ದರು. ನನ್ನ ಸರದಿ ಬಂದಾಗ ಅವನು ಕತ್ತಿ ಒರೆಸುತ್ತ ನಿಂತ.

"ಯಾವಾಗ್ಲೂ ತಗೊಳ್ಳೋದೇ ರಾಯ್. ಅರ್ಧ ಡಜನ್."

"ಪುರಸಭೆ ನಾಯಿಗಳಿಗೆ ಸಾಸೇಜ್ ಇಲ್ಲ. ನಿಂಗೆ ಇದು."

ಬಕೆಟ್ಟಿನಿಂದ ಮೂಳೆಯೊಂದನ್ನು ತೆಗೆದು ನನ್ನ ಎದೆಗೆ ಎಸೆದ. ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. "ನಮ್ಮತ್ತೆ ಕಲ್ಲು ಮಕಾಡೆ ಬಿದ್ದದೆ. ಹೋಗ್ಲಿ ಬಿಡು, ಮುದುಕಿದು. ನನ್ನ ಮಗಳ ಕಲ್ಲಿಗೆ ಕೈ ಹಾಕಿದ್ಯೋ, ಈ ಕತ್ತಿಲಿ ಕುಯ್ದು ನಿನ್ನೇ ಕೊಕ್ಕೆಗೆ ತೂಗ್ಹಾಕ್ತೀನಿ."

ಹೆಂಗಸರು ನಕ್ಕರು. ಅವನು ಬೈದದ್ದು ನನಗೆ ಅಷ್ಟು ನಾಟಲಿಲ್ಲ. ಆ ನಗು ನಾಟಿತು. ಅದರಲ್ಲೊಬ್ಬಳು ಎನಿಡ್ ಜೊತೆ ಚರ್ಚಿನಲ್ಲಿ ಹಾಡುತ್ತಿದ್ದವಳು.

ಅಲ್ಲಿಂದ ಸೀದಾ ಇಪ್ಪತ್ತೆರಡನೇ ಸಾಲಿಗೆ ಬಂದೆ. ಹೇಗೂ ಆ ಸಾಲು ಇವತ್ತಿನ ಪಟ್ಟಿಯಲ್ಲೇ ಇತ್ತು. ಯಂತ್ರ ಹಿಡಿದು ಒತ್ತಿದೆ. ಮುಳ್ಳು ಮೂವತ್ತೈದು. ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದೆ, ನಲವತ್ತು. ಅಲುಗಲಿಲ್ಲ. ಯಂತ್ರವನ್ನು ಪೂರ್ತಿ ನಂಬಲಾಗದು, ಮೇಲ್ವಿಚಾರಕನ ಅನುಭವಕ್ಕೂ ಬೆಲೆ ಕೊಡಬೇಕೆಂದು ಸೂಚನೆಯಲ್ಲೇ ಇದೆ. ಯಂತ್ರ ಕೆಳಗಿಟ್ಟೆ. ಹಿಂದಿನ ಕಲ್ಲಿಗೆ ಬೂಟು ಊರಿ ಭುಜ ಕೊಟ್ಟೆ. ಒಂದು, ಎರಡು, ಮೂರನೇ ಸಲಕ್ಕೆ ಬುಡದಲ್ಲಿ ಟಪ್ ಎಂದಿತು. ಮಕಾಡೆ ಬಿದ್ದು, ಹೆಸರಿನ ನಡುವೆ ಎರಡು ತುಂಡಾಯಿತು. ಭದ್ರವಾಗಿದ್ದರೆ ಬೀಳುತ್ತಿತ್ತೇ? ನಮೂನೆಯಲ್ಲಿ ಬರೆದೆ: ಒತ್ತಡ ತಾಳದೆ ತಾನಾಗಿ ಬಿತ್ತು.

ಬೇಸಿಲ್ ನಲ್ಲಿಯ ಹತ್ತಿರ ನಿಂತಿದ್ದ. ಬಕೆಟ್ಟು ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ, ನೀರಿನ ಬೆಲೆ ಗೊತ್ತಿಲ್ಲದವನು. ನನಗೆ ಬಹಳ ದಿನದ ಮೇಲೆ ಹಸಿವಾಗಿತ್ತು. ಬ್ರೆಡ್ಡು ಚೀಸು ಚೆನ್ನಾಗಿ ಸೇರಿತು.

ಮಾರ್ಚ್ ೩೦, ತಾಯಂದಿರ ಭಾನುವಾರ

ಮಂದಿಯೆಲ್ಲ ಹಳದಿ ಹೂವಿನ ಕಟ್ಟು ಹಿಡಿದು ಹತ್ತು ಗಂಟೆಗೆ ಹಿಂದಿನ ಗೇಟಿನಿಂದ ಒಳಗೆ ಬಂದರು. ಮುನ್ನೂರ ಹನ್ನೆರಡು ಕಲ್ಲು ನೆಲದ ಮೇಲಿದ್ದವು. ಮೊದಲು ಒಬ್ಬ ಹೆಂಗಸು ಕೂಗಿದಳು, ಆಮೇಲೆ ಸಾಲು ಸಾಲಾಗಿ ಕೂಗು ಹೊರಟಿತು. ಅಮ್ಮನ ಕಲ್ಲು ಯಾವುದೆಂದು ತಿಳಿಯದೆ ಮಕಾಡೆ ಬಿದ್ದವನ್ನು ಜನ ಉಗುರಿನಿಂದ ಎಬ್ಬಿಸಲು ನೋಡುತ್ತಿದ್ದರು. ಒಬ್ಬನ ಬೆರಳು ಕಲ್ಲಿನಡಿ ಸಿಕ್ಕಿ ಜಜ್ಜಿಹೋಯಿತು. ವಿವರಣೆ ಕೊಡಲು ತ್ರೆಲ್‌ಫಾಲ್ ಬರಬೇಕಿತ್ತು, ಭಾನುವಾರ ಆಕೆಗೆ ರಜೆಯಂತೆ.

ನಾನು ಚೀಟಿ ತರಲು ಶೆಡ್ಡಿನೊಳಗೆ ಹೋದೆ. ಕಿಟಕಿಯಿಂದ ಕಂಡಿತು: ರಾಯ್ ಹೇಡಾಕ್, ಅವನ ಹೆಂಡತಿ ಗ್ಲೆನಿಸ್. ಅವಳು ಮಂಡಿಯೂರಿ ಎರಡು ತುಂಡನ್ನು ಒಂದಕ್ಕೊಂದು ಕೂಡಿಸಲು ನೋಡುತ್ತಿದ್ದಳು. ಬೇಸಿಲ್ ಅಲ್ಲೇ ಹೂವಿಗೆ ನೀರು ಹಾಕುತ್ತಿದ್ದ.

"ಯಾರೋ ಕೆಡವಿದ್ದು ಇದನ್ನ?" ರಾಯ್ ಕೇಳಿದ.

ಬೇಸಿಲ್ ಶೆಡ್ಡಿನ ಕಡೆ ಒಂದು ಸಲ ನೋಡಿ, "ನಾನೇ," ಎಂದ.

"ಒಂದ್ ಮಾತು ಹೇಳಿ ಮಾಡ್ಬಾರ್ದಿತ್ತೇನೋ?"

"ಹೇಳ್ಬೇಕಿತ್ತು ರಾಯ್. ತಪ್ಪಾಯ್ತು."

ತಳ್ಳುಗಾಡಿಗೆ ಒರಗಿಸಿದ್ದ ಸಲಿಕೆಯನ್ನು ರಾಯ್ ಎತ್ತಿಕೊಂಡ, ನನ್ನ ಸಲಿಕೆ. ಮೊದಲ ಏಟಿಗೆ ಬೇಸಿಲ್ ಬಲಗೈ ಅಡ್ಡ ಹಿಡಿದ. ಮುಚ್ಚಿದ ಕಿಟಕಿಯೊಳಗೂ ಮೂಳೆ ಮುರಿದದ್ದು ಕೇಳಿತು. ಎರಡನೆಯದು ಭುಜಕ್ಕೆ. ಬಿದ್ದ ಮೇಲೆ ಅದೇ ಕೈಯ ಮೇಲೆ ಮತ್ತೆರಡು. ಗ್ಲೆನಿಸ್ ಗಂಡನ ಕಾಲು ತಬ್ಬಿ ಹಿಡಿದುಕೊಂಡದ್ದರಿಂದ ಐದನೆಯದು ನೆಲಕ್ಕೆ ಬಿತ್ತು.

ಬಾಗಿಲ ಹಿಡಿ ನನ್ನ ಕೈಯಲ್ಲೇ ಇತ್ತು. ಆ ಹಿಡಿ ಆಗಾಗ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಹಾಕಬೇಕು.

ಏಪ್ರಿಲ್ ೧, ಮಂಗಳವಾರ

ಬೇಸಿಲ್‌ಗೆ ಆಸ್ಪತ್ರೆಯಲ್ಲಿ ಕೈಯೊಳಗೆ ಉಕ್ಕಿನ ಪಟ್ಟಿ ಕೂರಿಸಿದ್ದಾರೆ. ದ್ರಾಕ್ಷಿ ತೆಗೆದುಕೊಂಡು ಹೋಗಿದ್ದೆ.

"ಯಾಕೋ ನಾನೇ ಅಂದೆ?" ಎಂದು ಕೇಳಿದೆ.

"ನೀನ್ ಹೊರಗ್ ಬಂದಿದ್ರೆ ಇಬ್ರಲ್ಲೊಬ್ಬ ಸಾಯ್ತಿದ್ರಿ ಕಣೋ. ನಿನ್ ಮುಖ ಸರಿಯಿಲ್ಲ ಈಚೀಚೆಗೆ. ಕನ್ನಡಿ ನೋಡ್ಕೊಂಡಿದೀಯಾ?"

"ತುಟಿ ಊದಿದೆ ಅಷ್ಟೇ."

"ತುಟಿ ಅಲ್ಲ." ಮುರಿದ ಕೈಯನ್ನು ದಿಂಬಿನ ಮೇಲೆ ಸರಿಸಿಕೊಂಡ. "ವಿಲ್ಫ್, ಆ ಮಗೂದು ಕಲ್ಲು ನಿಜವಾಗ್ಲೂ ತಾನೇ ಬಿತ್ತಾ?"

"ನಮೂನೇಲಿ ಬರ್ದಿದೀನಲ್ಲ."

ಗೋಡೆಯ ಕಡೆ ತಿರುಗಿ ಮಲಗಿದ. ದ್ರಾಕ್ಷಿ ಮುಟ್ಟಲಿಲ್ಲ. ನೋವಿರಬೇಕು.

ರಾಯ್ ಜೈಲಿನಲ್ಲಿದ್ದಾನೆ. ವಿಚಾರಣೆ ಜೂನ್ ಹನ್ನೆರಡಕ್ಕೆ. ಪೊಲೀಸಿನವನು ಹೇಳಿದ, "ಕಲ್ಲು ನಿಯಮದ ಪ್ರಕಾರ ಬಿದ್ದಿದ್ದು ಅಂತ ನೀವು ಸಾಕ್ಷಿ ಹೇಳಿದ್ರೆ ಅವನಿಗೆ ನಾಲ್ಕು ವರ್ಷ ಗ್ಯಾರಂಟಿ. ಬೇಕಂತ ಯಾರೋ ಒಡೆದಿದ್ರೆ ಜಡ್ಜು ಬೇರೆ ಥರ ನೋಡ್ತಿದ್ರು." ಹೇಳಿಕೆಗೆ ಸಹಿ ಮಾಡಿದೆ. ಟೌನ್ ಹಾಲಿನಿಂದ ಪತ್ರ ಬಂದಿದೆ, ಅವಧಿಯೊಳಗೆ ಕೆಲಸ ಮುಗಿಸಿದ್ದಕ್ಕೆ ಅಭಿನಂದನೆ.

ಏಪ್ರಿಲ್ ೯, ಬುಧವಾರ

ಪುರಸಭೆಯ ಸಭೆ. ಮೆಟ್ಟಿಲವರೆಗೂ ಜನ. ಸಾರ್ವಜನಿಕರ ಪ್ರಶ್ನೆಗೆ ತಲಾ ಮೂರು ನಿಮಿಷ, ಮುಗಿದರೆ ಗುಮಾಸ್ತ ಗಂಟೆ ಬಾರಿಸುತ್ತಾನೆ. ಮಿಸೆಸ್ ಆರ್ಮರಾಡ್ ತನ್ನ ಗಂಡನ ಹೆಸರು ಹೇಳಿ ಅಳಲು ಶುರುಮಾಡಿದ್ದಳು, ಗಂಟೆ ಹೊಡೆಯಿತು. ಮೇಯರ್ ಮುಖ ಎತ್ತದೆ, "ಸದರಿ ಅಹವಾಲನ್ನು ಗಮನಿಸಲಾಯಿತು," ಎಂದ. ಅಷ್ಟೇ ಸಾಕಾಯಿತು. ಗೋರಿಯ ಮೇಲಿಡುವ ಹೂದಾನಿಯೊಂದು ಹಾರಿ ಬಂದು ಅವನ ಹುಬ್ಬು ಸೀಳಿತು. ರಕ್ತ ಅವನ ಅಧಿಕಾರದ ಚಿನ್ನದ ಸರದ ಮೇಲೆ ಇಳಿಯಿತು. ಕುರ್ಚಿಗಳು ಮೇಲೆದ್ದವು. ಎಂಟ್ವಿಸಲ್ ಮೇಜಿನಡಿ ಸೇರಿಕೊಂಡಳು, ಅಲ್ಲೂ ಅವಳ ಕೂದಲು ಹಿಡಿದು ಎಳೆದರು.

ನಾನು ಅಧಿಕಾರಿಗಳ ಹಿಂದಿನ ಸಾಲಿನಲ್ಲಿದ್ದೆ. ಸುಮ್ಮನೆ ಕೂರುವುದು ಸರಿಯಲ್ಲವೆಂದು ಹತ್ತಿರ ಕೂಗಾಡುತ್ತಿದ್ದ ಒಬ್ಬ ಮುದುಕನನ್ನು ಹೊರಗೆ ಕಳಿಸಿದೆ. ಕೊರಳಪಟ್ಟಿ ಹಿಡಿದದ್ದು ನಿಜ. ಗೋಡೆಗೆ ಎರಡು ಮೂರು ಸಲ ತಾಗಿರಬಹುದು. ಅವನ ಹಲ್ಲುಸೆಟ್ಟು ನೆಲಕ್ಕೆ ಬಿತ್ತು, ಮೇಲೆ ಯಾರೋ ಕಾಲಿಟ್ಟರು. ನಾನಿರಬೇಕು. ತ್ರೆಲ್‌ಫಾಲ್ ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಆಕೆಗೆ ಈ ಗಲಾಟೆ ಅಭ್ಯಾಸವಿಲ್ಲ.

ರಾತ್ರಿ ಒಳ್ಳೆಯ ನಿದ್ದೆ ಬಂತು.

ಮೇ ೧೯, ಸೋಮವಾರ

ಬೇಸಿಲ್ ಕೆಲಸಕ್ಕೆ ಬಂದಿದ್ದಾನೆ. ಬಲಗೈ ಮೊಣಕೈಯಲ್ಲಿ ಮಡಚುವುದಿಲ್ಲ. ಗುಂಡಿ ತೋಡಲಾರ, ಹಗುರ ಕೆಲಸ ಕೊಡಬೇಕೆಂದು ಚೀಟಿ ತಂದಿದ್ದಾನೆ. ಗ್ಲೆನಿಸ್ ಹೇಡಾಕ್ ದಿನಾ ಬಂದು ಮಗಳ ಒಡೆದ ಕಲ್ಲಿನ ಹಿಂದೆ, ಆ ಸಂದಿಯಲ್ಲಿ ಕೂತಿರುತ್ತಾಳೆ. ಬೇಸಿಲ್ ಅವಳಿಗೆ ಟೀ ಕೊಡುತ್ತಾನೆ. ತನ್ನ ಕೈ ಮುರಿದವನ ಹೆಂಡತಿಗೆ. ನನಗೆ ಅರ್ಥವಾಗದು.

"ವಿಲ್ಫ್, ನಮೂನೇಲಿ ಒಂದ್ ಅಳತೆ ಖಾಲಿ ಇದೆ. ಎನಿಡ್‌ದು."

"ಅದನ್ನ ಮುಟ್ಬೇಡ."

"ಇವತ್ತು ಒರಗಿಕೊಂಡೆ, ಅಲ್ಲಾಡ್ತು ಕಣೋ. ಅದರಡೀಲೇ ಆ ಹೆಂಗಸು ಕೂರ್ತಾಳೆ."

"ಮುಟ್ಬೇಡ ಅಂದ್ನಲ್ಲ. ಕೂರೋಕೆ ಬೇರೆ ಜಾಗ ಇಲ್ವಾ ಅವಳಿಗೆ?"

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಹೀಗೆ ನೋಡುವುದನ್ನು ಎಲ್ಲರೂ ಕಲಿತಿದ್ದಾರೆ.

ಮೇ ೨೨, ಗುರುವಾರ

ಊಟ ಮುಗಿಸಿ ಬರುವಷ್ಟರಲ್ಲಿ ಎನಿಡ್ ಮಲಗಿದ್ದಳು.

ಮುಖ ಮೇಲಕ್ಕೆ. ಕೆಳಗೆ ಹಲಗೆ, ಪಕ್ಕದಲ್ಲಿ ಒಂದೇ ಕೈಯಲ್ಲಿ ಇಳಿಸಲು ಕಟ್ಟಿದ್ದ ಹಗ್ಗ. ಹೆಸರಿನ ಮೇಲಿನ ಪಾಚಿಯನ್ನೂ ಬೇಸಿಲ್ ಒರೆಸಿದ್ದ. ಟೋಪಿ ಕಂಕುಳಲ್ಲಿ. ಹಳದಿ ಚೀಟಿ ಅಂಟಿಸಿರಲಿಲ್ಲ, ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಯಾರೋ ಕೆಡವಿದ್ದು ಇದನ್ನ?"

"ನಾನೇ. ಹನ್ನೆರಡು ಕಿಲೋಗೇ ಬಂದ್ಬಿಡ್ತು ವಿಲ್ಫ್. ಅವಳ ಮೇಲೇ ಬೀಳ್ತಿತ್ತು."

ಒಂದೇ ಏಟು ಹೊಡೆದೆ ಎಂದುಕೊಂಡಿದ್ದೆ. ಅವನು ಆ ಕೈ ಎತ್ತಲಾರ ಎನ್ನುವುದು ನನಗೆ ಗೊತ್ತಿತ್ತು. ಬಿದ್ದಾಗ ದವಡೆ ಎನಿಡಳ ಕಲ್ಲಿನ ಅಂಚಿಗೆ ಬಡಿಯಿತು. ಬೂಟಿನ ತುದಿ ನೆನಪಿದೆ, ಅವನ ಪಕ್ಕೆಲುಬು ನೆನಪಿದೆ, ನಾನು ಕಿರುಚುತ್ತಿದ್ದ ಮಾತು ನೆನಪಿದೆ. ಒಂದು ಮಾತು ಹೇಳಿ ಮಾಡಬಾರದಿತ್ತೇ ಎಂದು.

ಹಿಂದಿನಿಂದ ಯಾರೋ ನನ್ನ ಕಾಲು ತಬ್ಬಿ ಹಿಡಿದರು. ಗ್ಲೆನಿಸ್.

"ಸಾಕು ಮಾಡಿ ಮಿಸ್ಟರ್ ಕ್ಯಾಟರಾಲ್. ಐದಾಯ್ತು. ನಮ್ಮನೆಯವ್ರೂ ಹಿಂಗೇ ಶುರು ಮಾಡಿದ್ದು."

ಅವಳ ಕೈ ಬಿಡಿಸಿಕೊಳ್ಳಲು ಕಾಲು ಎತ್ತಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಒದೆ ತಿನ್ನಲು ತಯಾರಾದವರು ಹಾಗೆ ಮುಚ್ಚಿಕೊಳ್ಳುತ್ತಾರೆ. ಕಾಲು ಕೆಳಗಿಟ್ಟೆ.

ಮೇ ೨೩, ಶುಕ್ರವಾರ

ಬೇಸಿಲ್‌ಗೆ ದವಡೆ ಮುರಿದಿದೆ, ತಂತಿ ಹಾಕಿ ಬಿಗಿದಿದ್ದಾರೆ. ಪಕ್ಕೆಲುಬು ಎರಡು. ಪೊಲೀಸರು ಬರುತ್ತಾರೆಂದು ಬೆಳಗಿನಿಂದ ಕೋಟು ಹಾಕಿಕೊಂಡು ಶೆಡ್ಡಿನಲ್ಲಿ ಕಾದೆ. ಯಾರೂ ಬರಲಿಲ್ಲ.

ಮಧ್ಯಾಹ್ನ ತ್ರೆಲ್‌ಫಾಲ್ ಫೋನು ಮಾಡಿ ಬೇಸಿಲ್‌ನ ಅಪಘಾತದ ಬಗ್ಗೆ ಸಂತಾಪ ಹೇಳಿದಳು. ಯಾವ ಅ‌ಪಘಾತ ಎಂದು ಕೇಳಲಿಲ್ಲ. ಗೋಡೆಗೆ ನೇತುಹಾಕಿದ ಅಪಘಾತಗಳ ಪುಸ್ತಕ ತೆಗೆದು ನೋಡಿದೆ. ಆಂಬುಲೆನ್ಸ್ ಬರುವ ಮುಂಚೆ ಬೇಸಿಲ್ ಬರೆದಿರಬೇಕು, ಎಡಗೈಯಲ್ಲಿ, ಅಕ್ಷರ ಒಂದೊಂದು ಒಂದೊಂದು ಕಡೆಗೆ. ಪುಟದ ಮೇಲೆ ಬಾಯಿಂದ ಸುರಿದ ರಕ್ತ.

'ಕಲ್ಲು ತಾನಾಗಿ ಬಿತ್ತು. ಯಾರ ತಪ್ಪೂ ಇಲ್ಲ. ಬಿ. ಟ್ಯಾಟರ್ಸಾಲ್.'

ತಾನಾಗಿ ಬಿತ್ತು. ಅದು ನನ್ನ ಮಾತು. ಮಾರ್ಚ್ ಇಪ್ಪತ್ತಾರರಂದು ನಮೂನೆಯಲ್ಲಿ ನಾನು ಬರೆದದ್ದು. ಅವನು ನಲ್ಲಿಯ ಹತ್ತಿರ ನಿಂತು ನೋಡಿದ್ದ.

ಮನೆಗೆ ಬಂದು ಈ ನೋಟುಬುಕ್ಕನ್ನು ಮೊದಲಿನಿಂದ ಓದಿದೆ. ಆರಂಭದಲ್ಲಿ ಬರೆದವನು ಯಾರೋ ಒಳ್ಳೆಯ ಮನುಷ್ಯ. ಮೊಲಕ್ಕೆ ಹೂವು ಬಿಟ್ಟುಕೊಟ್ಟವನು. ಹಿಂದಿನ ಕಲ್ಲಿಗೆ ಬೂಟು ಊರಿ ಎಂದಿರುವ ಸಾಲಿಗೆ ಬಂದಾಗ ನಿಲ್ಲಿಸಿದೆ. ರೋಸಲಿಂಡಳ ಹಿಂದಿನ ಕಲ್ಲು ಯಾವುದು? ಎನಿಡಳ ಬೆನ್ನಿಗೆ ಬೂಟಿಟ್ಟು ಮೂರು ಸಲ ಒದ್ದದ್ದು ನಾನು. ಅವಳನ್ನು ಅಲುಗಿಸಿದ್ದು ನಾನು, ಬೇಸಿಲ್ ಮಲಗಿಸಿದ ಅಷ್ಟೇ.

ಅತ್ತುಬಿಟ್ಟೆ. ಅವಳು ಹೋದಾಗಲೂ ಹೀಗೆ ಅತ್ತಿರಲಿಲ್ಲ.

ಜೂನ್ ೧೧, ಬುಧವಾರ

ಆಸ್ಪತ್ರೆಗೆ ಹೋಗಿದ್ದೆ. ಬೇಸಿಲ್ ಮಾತಾಡಲಾರ, ಎಡಗೈಯಲ್ಲಿ ಕಾಗದದ ಮೇಲೆ ಬರೆಯುತ್ತಾನೆ. ನಾಳೆ ಕೋರ್ಟಿನಲ್ಲಿ ಏನು ಹೇಳುತ್ತೇನೆಂದು ಅವನಿಗೆ ಹೇಳಿದೆ. 'ಕೆಲ್ಸ ಹೋಗುತ್ತೆ. ನೀನೂ ಒಳಗೆ ಹೋಗ್ತೀಯ,' ಎಂದು ಬರೆದ.

"ಗೊತ್ತು."

'ರಾಯ್ ಜೊತೆ ಒಂದೇ ರೂಮ್ ಕೊಟ್ರೆ?'

"ಸಾಸೇಜ್ ಕೇಳಲ್ಲ ಬಿಡು."

ತಂತಿಯೊಳಗೇ ನಕ್ಕ, ನೋವಾಗಿ ಕಣ್ಣಲ್ಲಿ ನೀರು ಬಂತು. ನಾನು ಕ್ಷಮೆ ಕೇಳಿದೆ. ಸತ್ತವರನ್ನೆಲ್ಲ ಹೆಸರು ಹಿಡಿದು ಕೇಳಿದವನಿಗೆ ಬದುಕಿರುವ ಒಬ್ಬನನ್ನು ಕೇಳಲು ಮೂರು ವಾರ ಬೇಕಾಯಿತು. ಅವನು ಕಾಗದ ಬದಿಗಿಟ್ಟ. ಎಡಗೈ ಚಾಚಿ ನನ್ನ ಟೋಪಿಯನ್ನು ತಲೆಯಿಂದ ತೆಗೆದು ನನ್ನ ಮಡಿಲಲ್ಲಿಟ್ಟ.

ಜೂನ್ ೧೨, ಗುರುವಾರ

ಬೆಳಿಗ್ಗೆ ಏಳು ಗಂಟೆ. ಹತ್ತಕ್ಕೆ ಕೋರ್ಟು.

ಮಾತಿನಲ್ಲಿ ಹೇಳಿದರೆ ಮಧ್ಯೆ ಎಲ್ಲಾದರೂ ತಿರುಗಿಬಿಡುತ್ತೇನೇನೋ ಎಂದು ಭಯ. ನನ್ನ ನಾಲಿಗೆಯನ್ನು ನಾನೀಗ ನಂಬುವುದಿಲ್ಲ, ಕೈಯನ್ನು ಮೊದಲೇ ಇಲ್ಲ. ಅದಕ್ಕೆ ಈ ನೋಟುಬುಕ್ಕನ್ನೇ ರಾಯ್ ಹೇಡಾಕನ ವಕೀಲನ ಕೈಗೆ ಕೊಡುತ್ತೇನೆ. ಮೊಲ, ಹಲ್ಲುಸೆಟ್ಟು, ಬಾಗಿಲ ಹಿಡಿ, ಎಲ್ಲ ಓದಿಕೊಳ್ಳಲಿ. ನನಗಾಗಿ ಬರೆದುಕೊಂಡದ್ದು, ಒಂದಕ್ಷರವನ್ನೂ ತಿದ್ದಿಲ್ಲ.

ದಾರಿಯಲ್ಲಿ ಸ್ಮಶಾನಕ್ಕೆ ಹೋಗಿ ಎನಿಡ್‌ಗೆ ಹೇಳಿ ಬರಬೇಕು. ಗ್ಲೆನಿಸ್ ಅಲ್ಲಿದ್ದರೆ ಅವಳಿಗೂ.

ವಕೀಲ ಹುಡುಕುತ್ತ ಕೂರಬಾರದೆಂದು ಮಾರ್ಚ್ ಇಪ್ಪತ್ತಾರರ ಪುಟಕ್ಕೆ ಗುರುತು ಹಾಕಿದ್ದೇನೆ. ಕೈಗೆ ಸಿಕ್ಕಿದ್ದು ಪುರಸಭೆಯ ಹಳದಿ ಚೀಟಿ, ಅದನ್ನೇ ಅಂಟಿಸಿದೆ. 'ಅಪಾಯ. ತಳ್ಳಿದರೆ ಬೀಳುತ್ತದೆ.' ಕೆಳಗೆ ಪರೀಕ್ಷಿಸಿದವರ ಸಹಿಗೆ ಜಾಗವಿತ್ತು. ಸಹಿ ಮಾಡಿದ್ದೇನೆ.